ಹಸಿವು ನೆನಪಿಟ್ಟ ಮೈ

ಅಕ್ಕೋಳ
೧೬ ಆಗಸ್ಟ್ ೨೦೨೩

ಮಂಗಸೂಳಿಯ ಬೀಗತಿ ಸಾವಿತ್ರೆವ್ವಾರಿಗೆ ಅಕ್ಕೋಳದ ಅಕ್ಕವ್ವನ ನಮಸ್ಕಾರ.

ನಿನ್ನೆ ಮಗಳು ಭಾಗ್ಯಾಗ ಫೋನ್ ಮಾಡಿದಾಗ ನಿಮ್ಮ ಜೋಡಿನೂ ನಾಕ ಮಾತು ಆಡೂಣು ಅಂತ ಆಸೆ ಆತು. "ಅತ್ತ್ಯಾರಿಗೆ ಫೋನಿನ್ಯಾಗ ಬರೇ ಗುಂಯ್ ಅಂತೈತಿ ಯವ್ವಾ, ಹೋದ ವರ್ಷದ ಜ್ವರದಾಗ ಕಿವಿ ಹೋದೂವಲ್ಲ" ಅಂದ್ಲು. "ಕಾಗದ ಬರದ್ರ ಓದ್ತಾರೇನು?" ಅಂದೆ. "ಪೇಪರ್ ಬಂದ್ರ ಜಾಹೀರಾತು ಸೈತ ಬಿಡಂಗಿಲ್ಲ" ಅಂತ ನಕ್ಕಳು. ಅದಕ್ಕ ಬರೆಯಾಕ ಕುಂತೀನಿ. ನಾಕನೇ ಇಯತ್ತೆ ತನಕ ಕಲತಾಕಿ ನಾನು. ಒತ್ತಕ್ಷರ ತಪ್ಪಿದ್ರ ಹೊಟ್ಯಾಗ ಹಾಕ್ಕೋರಿ.

ಪಂಚಮಿಗೆ ಮಗಳು ತವರಿಗೆ ಬರಬೇಕಿತ್ತು. ಆರನೇ ತಿಂಗಳದಾಗ ಬಸ್ಸಿನ ಕುಲುಕಾಟ ಬ್ಯಾಡ ಅಂತ ನೀವು ಅಂದದ್ದು ಖರೆ ಐತಿ. ಆಕಿ ಬರದಿದ್ರ ಏನಾತು, ಉಂಡಿ ಬರ್ತಾವು. ನನ್ನ ತಮ್ಮ ಕಾಡಸಿದ್ದನ ಕೈಯಾಗ ಡಬ್ಬಿ ಕೊಟ್ಟು ಕಳಸೀನಿ. ಶೇಂಗಾ ಉಂಡಿ, ಎಳ್ಳುಂಡಿ, ತುಪ್ಪದಾಗ ಹುರದ ರವಾ ಉಂಡಿ ಎಲ್ಲಾರಿಗೂ. ಅಂಟಿನ ಉಂಡಿ ಮಾತ್ರ ಭಾಗ್ಯಾಗ ಒಬ್ಬಾಕಿಗೆ. ಹುಡುಗಿ ಮೊದಲ ತೆಳ್ಳಗ ಅದಾಳ. ಬಸರಿ ಅಂದ್ರ ಇಬ್ಬರ ಉಣಸು ಉಣಬೇಕು. ಬ್ಯಾಡ ಅಂದ್ರೂ ಬಾಯಾಗ ತುರುಕ್ರಿ, ನನ್ನ ಹೆಸರು ಹೇಳ್ರಿ.

ದೀಪಾವಳಿಕಿಂತ ಮೊದಲ ಬಂದು ಕರಕೊಂಡು ಹೋಗ್ತೀನಿ. ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಇದು ನಿಮಗ ಹೇಳಿಕೊಡೂ ಮಾತಲ್ಲ. ಅಳಿಯ ಮಾಳೇಶಪ್ಪಗ, ನಿಮ್ಮ ಯಜಮಾನ್ರಿಗೆ ಕೇಳಿದೆ ಅಂತ ಹೇಳ್ರಿ.

ನಿಮ್ಮ ಬೀಗತಿ
ಅಕ್ಕವ್ವ


ಮಂಗಸೂಳಿ
೨೫ ಆಗಸ್ಟ್ ೨೦೨೩

ಬೀಗತಿ ಅಕ್ಕವ್ವಾರಿಗೆ ಶರಣು.

ಉಂಡಿ ಬಂದು ಮುಟ್ಟಿದೂವು. ಓಣಿ ಮಂದಿಗೆಲ್ಲಾ ಹಂಚಿದೆ, ಎಲ್ಲಾರೂ ಹೊಗಳಿದ್ರು. ಭಾಗ್ಯಾ ಅರಾಮ ಅದಾಳ. ಮಾಳೇಶ ಡೇರಿಗೆ ಹಾಲಿನ ಗಾಡಿ ಹೊಡೀತಾನ. ನಮ್ಮ ಯಜಮಾನ್ರು ಕುರಿ ತಗೊಂಡು ಹೊಳಿ ದಂಡಿಗೆ ಹೋಗ್ಯಾರ.

ಒಂದು ಮಾತು ಕೇಳ್ತೀನಿ, ಬ್ಯಾರೆ ತಿಳಕೋಬ್ಯಾಡ್ರಿ. ನಿಮ್ಮ ತವರ ಕಡೆ, ಇಲ್ಲಾ ಗಂಡನ ಮನಿ ಕಡೆ ಯಾರಿಗರೆ ಸಕ್ಕರಿ ಬ್ಯಾನಿ ಐತೇನು? ಸುಮ್ಮನ ಕೇಳಿದೆ.

ಹೆರಿಗಿಗೆ ಕರಕೊಂಡು ಹೋಗೂ ಮಾತು ಸದ್ಯ ಬ್ಯಾಡ. ಮತ್ತ ಉಂಡಿ ಕಳಸಬ್ಯಾಡ್ರಿ.

ಸಾವಿತ್ರೆವ್ವ


ಅಕ್ಕೋಳ
೩ ಸೆಪ್ಟೆಂಬರ್ ೨೦೨೩

ಸಾವಿತ್ರೆವ್ವಾರಿಗೆ,

ನಮ್ಮ ಕಡೆ ಯಾರಿಗೂ ಸಕ್ಕರಿ ಬ್ಯಾನಿ ಇಲ್ಲ. ಲಗ್ನ ಆದ ಮ್ಯಾಲೆ ಇಂಥಾದ್ದು ಕೇಳೂದು ನಾ ಎಲ್ಲೂ ನೋಡಿಲ್ಲ. ಇರಲಿ. ನಾ ಕೇಳೂದು ಬ್ಯಾರೆ ಐತಿ.

ಕಾಡಸಿದ್ದ ಮೊನ್ನೆ ಕಾಗವಾಡಕ್ಕ ಸಂತಿಗೆ ಹೋದವ ನಿಮ್ಮ ಮನಿಗೂ ಬಂದಿದ್ದ. ಬಂದು ನನ್ನ ಮುಂದ ಕುಂತು ನೆಲ ನೋಡಿದ. "ಏನೋ, ಭಾಗ್ಯಾ ಹ್ಯಾಂಗದಾಳ?" ಅಂದೆ. "ಅಕ್ಕಾ, ಅಂಟಿನುಂಡಿ ಡಬ್ಬಿ ಖಾಲಿ. ಆಕಿಗೆ ಒಂದೂ ಕೊಟ್ಟಿಲ್ಲಂತ. ಊಟಕ್ಕ ಅರ್ಧ ಭಕ್ರಿ ಹಾಕಿ ಎತ್ತಿಟ್ರು. ಉಂಡ ಕೈ ಒಣಗೂದ್ರಾಗ 'ನಡಿ, ನಡಿ' ಅಂತ ಅಂಗಳದಾಗ ತಿರಗಾಡಸಾಕತ್ರು. ಚಾದಾಗ ಸಕ್ಕರಿನೂ ಇಲ್ಲ" ಅಂದ.

ಸಾವಿತ್ರೆವ್ವಾರ, ಬಸರಿ ಮಗಳನ್ನ ಉಪಾಸ ಕೆಡವೂ ಮನಿಗೆ ಕೊಟ್ಟೆನೇನು ನಾನು?

ಭಾಗ್ಯಾ ನನ್ನ ಹೊಟ್ಯಾಗಿದ್ದ ವರ್ಷ ನಮ್ಮ ಹಿಂಡಿಗೆ ರೋಗ ಬಿದ್ದಿತ್ತು. ಕುರಿ ಮೇಯಿಸಾಕ ಮಿರಜ್ ದಾಟಿ ಹೋಗಿದ್ವಿ. ದಿನಾ ಕುರಿ ಸಾಯತಿದ್ದೂವು, ಉಳದೂವು ಹಾಲು ಕೊಡತಿದ್ದಿಲ್ಲ. ಗುರತಿಲ್ಲದ ಊರು. ಮುಂಜಾನಿ ಒಂದು ಭಕ್ರಿ ಬಡದ್ರ ಅದರಾಗ ಅರ್ಧ ನನಗ, ಅರ್ಧ ಯಜಮಾನ್ರಿಗೆ. ಮ್ಯಾಲೆ ನೀರು. ಎಂಟನೇ ತಿಂಗಳದಾಗ ಹೆತ್ತೆ, ಯಾರದೋ ಹೊಲದ ಬದುವಿನ ಮ್ಯಾಲೆ. ಕೂಸು ಕುರಿಮರಿಕಿಂತ ಸಣ್ಣದಿತ್ತು. ಅಳಾಕ ಸೈತ ಕಸುವಿದ್ದಿಲ್ಲ. ಎದಿಗೆ ಒತ್ತಿ ಹಿಡದು ಮ್ಯಾಲೆ ಕಂಬಳಿ ಹೊದ್ದು, ಹತ್ತಿ ಬತ್ತಿ ಅದ್ದಿ ಅದ್ದಿ ಹಾಲು ಹಿಂಡಿ ಉಳಿಸಿಕೊಂಡಾಕಿ ನಾನು. ಹಸಿವು ಅಂದ್ರ ಏನು ಅಂತ ನನಗ ಯಾರೂ ಕಲಿಸಬೇಕಾಗಿಲ್ಲ. ನನ್ನ ಮಗಳಿಗೆ ಅದು ಬರಬಾರದು ಅಂತನ ಉಂಡಿ ಕಟ್ಟಿದ್ದೆ.

ಆಕಿನ್ನ ಕೇಳಿದ್ರ "ಅರಾಮ ಅದೀನಿ ಯವ್ವಾ" ಅಂತಾಳ. ಅಂಜಿ ಹಂಗಂತಾಳ ಅಂತ ತಿಳೀಲಾರದಷ್ಟು ದಡ್ಡಿ ಅಲ್ಲ ನಾನು. ಉತ್ತರ ಬರೀರಿ. ಬರೀಲಿಲ್ಲಂದ್ರ ಬಂದು ಕರಕೊಂಡು ಹೋಗ್ತೀನಿ.

ಅಕ್ಕವ್ವ


ಮಂಗಸೂಳಿ
೯ ಸೆಪ್ಟೆಂಬರ್ ೨೦೨೩

ಅಕ್ಕವ್ವಾರಿಗೆ,

ನಿಮ್ಮ ಕಾಗದ ಓದಿ ನನ್ನ ಮೈಯಲ್ಲಾ ಉರೀತು. ಉಪಾಸ ಕೆಡವೂ ಮನಿ ಅಂದ್ರಿ. ಈ ಮಾತು ನನ್ನ ವೈರಿನೂ ಅನ್ನಂಗಿಲ್ಲ.

ನಾ ಬಾಯಿ ಮುಚ್ಚಿಕೊಂಡು ಕುಂತದ್ದು ನಿಮ್ಮ ಮಗಳ ಸಲುವಾಗಿ. "ಅತ್ತಿ, ನಮ್ಮವ್ವಗ ಹೇಳಬ್ಯಾಡ್ರಿ, ಆಕಿ ತಡಕೊಳ್ಳಂಗಿಲ್ಲ" ಅಂತ ಕಿವಿಗೆ ಬಾಯಿ ಹಚ್ಚಿ ಅಂದು, ನನ್ನ ಅಂಗೈ ಮ್ಯಾಲೆ ಕೈ ಇಟ್ಟು ಮಾತು ತಗೊಂಡಿದ್ಲು. ಈಗ ನೀವು ನನಗ ಕಳ್ಳಿ ಪಟ್ಟ ಕಟ್ಟಿದ ಮ್ಯಾಲೆ ಮಾತು ಮುರೀತೀನಿ. ಭಾಗ್ಯಾಗ ಬಸರಿನ್ಯಾಗ ಸಕ್ಕರಿ ಬ್ಯಾನಿ ಬಂದೈತಿ.

ಪಂಚಮಿಕಿಂತ ಮೊದಲ ಕಾಗವಾಡದ ದವಾಖಾನ್ಯಾಗ ಗ್ಲುಕೋಸ್ ನೀರು ಕುಡಿಸಿ, ಎರಡು ತಾಸು ಕುಂದರಿಸಿ ರಕ್ತ ತಗದ್ರು. ಸಕ್ಕರಿ ಹೆಚ್ಚು ಬಂತು. "ಇಷ್ಟು ತೆಳ್ಳನ ಹುಡುಗಿಗೆ ಹ್ಯಾಂಗ ಬಂತ್ರಿ?" ಅಂತ ನಾನ ಜಗಳಾ ತಗದೆ. ಡಾಕ್ಟರ್ ಬಾಯಿ ಭಾಗ್ಯಾಗ ಏನೋ ಕೇಳಿದ್ರು, ಆಕಿ ಎರಡು ಕೈ ಕೂಡಿಸಿ ಇಷ್ಟ ಇದ್ದೆ ಅಂತ ತೋರಿಸಿದ್ಲು. ಹುಟ್ಟಿದಾಗ ಎಷ್ಟಿದ್ದಿ ಅಂತ ಕೇಳಿದ್ದಂತ. ಆಮ್ಯಾಲೆ ಬಾಯಿ ಬಾಳ ಹೊತ್ತು ಮಾತಾಡಿದ್ರು. ನನಗ ತುಟಿ ಅಲ್ಲಾಡೂದಷ್ಟ ಕಂಡಿತು. ಹೊರಗ ಬಂದು ಮಾಳೇಶನ್ನ ಕೇಳಿದೆ. ಅವ ಕಿವ್ಯಾಗ ಒದರಿದ: "ತಾಯಿ ಹೊಟ್ಟಿಯಿಂದ ಬಂದದ್ದಂತ ಯವ್ವಾ!"

ಕೇಳಿದ್ರೆಲ್ಲ? ನಿಮ್ಮ ಕಡೆ ಯಾರಿಗೂ ಇಲ್ಲ ಅಂತ ಬರದ್ರಿ. ನಿಮ್ಮ ಹೊಟ್ಟಿಯಿಂದನ ಬಂದೈತಂತ. ಅದನ್ನ ಈಗ ನಾ ಸಂಭಾಳಿಸಾಕತ್ತೀನಿ. ಉಂಡಿ ಕೊಟ್ಟಿಲ್ಲ, ಖರೆ. ಉಂಡ ಮ್ಯಾಲೆ ನಡಸ್ತೀನಿ, ಅದೂ ಖರೆ. ಹೊಟ್ಟಿಯೊಳಗಿಂದು ನನ್ನ ಮೊಮ್ಮಗು.

ಸಾವಿತ್ರೆವ್ವ


ಅಕ್ಕೋಳ
೨೯ ಸೆಪ್ಟೆಂಬರ್ ೨೦೨೩

ಸಾವಿತ್ರೆವ್ವಾರಿಗೆ,

ಕಾಗದ ಮುಟ್ಟಿ ಬಾಳ ದಿನ ಆದೂವು.

ಹೆರಿಗಿ ಅಲ್ಲೇ ಆಗಲಿ. ನೀವು ಮಾಡೂದು ಛಲೋ ಐತಿ. ಉಂಡಿ ಕಳಸಂಗಿಲ್ಲ. ನಾನೂ ಬರಂಗಿಲ್ಲ. ಒಂದು ಸಲ ಕೊಡಬಾರದ್ದು ಕೊಟ್ಟ ಕೈ ಇದು, ಮತ್ತ ಆಕಿನ್ನ ಮುಟ್ಟೂದು ಬ್ಯಾಡ.

ಭಾಗ್ಯಾ ಫೋನ್ ಮಾಡಿದ್ರ ನಾ ಹೊಲಕ್ಕ ಹೋಗೀನಿ ಅಂತ ಮನಿ ಮಂದಿಗೆ ಹೇಳಾಕ ಹಚ್ಚೀನಿ. ನನ್ನ ದನಿ ಕೇಳಿದ್ರ ನನಗ ಎಲ್ಲಾ ತಿಳದೈತಿ ಅಂತ ಆಕಿ ಗುರತ ಹಿಡೀತಾಳ.

ಅಕ್ಕವ್ವ


ಮಂಗಸೂಳಿ
೫ ಅಕ್ಟೋಬರ್ ೨೦೨೩

ಅಕ್ಕವ್ವಾರ,

ಈ ಕಾಗದ ಪೋಸ್ಟಿಗೆ ಹಾಕಿಲ್ಲ, ಮಾಳೇಶನ ಕೈಯಾಗ ಕೊಟ್ಟೀನಿ. ಓದಿ ಮುಗಿಸೂ ತನಕ ಅವ ನಿಮ್ಮ ಹೊಸ್ತಿಲ ಬಿಟ್ಟು ಏಳಂಗಿಲ್ಲ.

ನಿಮ್ಮ ದನಿ ಕೇಳದ ಭಾಗ್ಯಾ ಸೊರಗಿ ಹೋಗ್ಯಾಳ. ನಿದ್ದಿ ಇಲ್ಲ, ತಾಟು ಮುಂದಿಟ್ರ ಬೆರಳಾಡಿಸಿ ಏಳತಾಳ. ಇಷ್ಟು ದಿನ ಊಟ, ನಡಿಗಿಯಿಂದ ಹಿಡತದಾಗ ಬರಾಕತ್ತಿದ್ದ ಸಕ್ಕರಿ ಮತ್ತ ಮ್ಯಾಲೆ ಹೋತು. ಇನ್ಸುಲಿನ್ ಸೂಜಿ ಹಚ್ಚಬೇಕು ಅಂದ್ರು. "ಯಾಕ ಹಿಂಗ ಮಾಡ್ತಿ?" ಅಂತ ಗದರಿದೆ. ಗ್ವಾಡಿ ಮ್ಯಾಲೆ ಇದ್ದಲಿಲೆ ಬರದು ತೋರಿಸಿದ್ಲು: ನಮ್ಮವ್ವ ಯಾಕ ಮಾತಾಡವಲ್ಲಳು? ನಾ ನಿಮಗ ಬರದದ್ದು ಆಕಿಗೆ ಗೊತ್ತಿಲ್ಲ.

ಮರುದಿನ ನಾ ಒಬ್ಬಾಕಿನ ದವಾಖಾನಿಗೆ ಹೋದೆ. "ಬಾಯಾರ, ಆವತ್ತು ನೀವು ಅಂದದ್ದು ನನಗ ಅರ್ಧ ಕೇಳಿಸ್ತು, ಆ ಅರ್ಧದಾಗ ಒಂದು ಮನಿ ಮುರದೀನಿ, ಪೂರಾ ಹೇಳ್ರಿ" ಅಂದೆ. ಡಾಕ್ಟರ್ ಬಾಯಿ ಕುರ್ಚಿ ಎಳಕೊಂಡು ನನ್ನ ಎದುರ ಕುಂತ್ರು. ಅವರು ಹೇಳಿದ್ದನ್ನ ನರ್ಸ್ ನೀಲಮ ಹಳೇ ಕ್ಯಾಲೆಂಡರಿನ ಹಿಂದ ದಪ್ಪ ಅಕ್ಷರದಾಗ ಬರದು ನನಗ ಓದಿಸಿದ್ಲು. ನಾ ತಿಳಕೊಂಡದ್ದು ಹೇಳ್ತೀನಿ, ನಿಂತಲ್ಲೇ ಕುಂತು ಓದ್ರಿ.

ಹೊಟ್ಟಿಯೊಳಗಿನ ಕೂಸಿಗೆ ಹೊರಗಿನ ಜಗತ್ತು ಕಾಣಂಗಿಲ್ಲ. ತಾಯಿಯಿಂದ ಬರೂ ತುತ್ತಿನ ಮ್ಯಾಲೆ ಅದು ಲೆಕ್ಕ ಹಾಕತೈತಂತ, ಹೊರಗ ಸುಗ್ಗಿ ಐತೋ ಬರಾ ಐತೋ ಅಂತ. ತುತ್ತು ಕಡಿಮಿ ಬಂದ್ರ, ಬರಾ ಬಿದ್ದೈತಿ ಅಂತ ತಿಳದು ಮೈ ಸಣ್ಣದು ಮಾಡಕೋತೈತಿ, ಸಿಕ್ಕದ್ದನ್ನ ಕೂಡಿಟ್ಟು ಬದುಕೂದು ಕಲೀತೈತಿ. ಹಂಗ ಕಲತದ್ದಕ್ಕ ಭಾಗ್ಯಾ ಆ ಬದುವಿನ ಮ್ಯಾಲೆ ಉಳದ್ಲು. ಆದ್ರ ಮೈ ಒಮ್ಮೆ ಕಲತದ್ದು ಲಗೂ ಮರಿಯಂಗಿಲ್ಲ. ದೊಡ್ಡಾಕಿ ಆಗಿ ಹೊಟ್ಟಿ ತುಂಬ ಉಣ್ಣೂ ದಿನ ಬಂದಾಗ, ಬಸರಿನ ಭಾರನೂ ಬಿದ್ದಾಗ, ಆ ಮೈಗೆ ಸಕ್ಕರಿ ಸಂಭಾಳಿಸಾಕ ತ್ರಾಸ ಆಗತೈತಿ. ಸಣ್ಣ ಹುಟ್ಟಿದವರಿಗೆಲ್ಲಾ ಹಿಂಗ ಆಗತೈತಿ ಅಂತಲ್ಲ, ಆಗೂ ಸಂಭವ ಹೆಚ್ಚು, ಅಷ್ಟ.

"ಹಂಗಾದ್ರ ಇದು ಯಾರ ತಪ್ಪು?" ಅಂದೆ. ಡಾಕ್ಟರ್ ಬಾಯಿ ತಾವ ಪೆನ್ನು ಇಸಕೊಂಡು ಬರದ್ರು: ತಾಯಿದಲ್ಲ. ಹಸಿವಿಂದು.

ಅಕ್ಕವ್ವಾರ, ಮಾಳೇಶ ಒದರಿದ ಮಾತು ಸುಳ್ಳಲ್ಲ, ನಾ ಅದಕ್ಕ ಹಚ್ಚಿದ ಅರ್ಥ ಸುಳ್ಳು. ನೀವು ಮಗಳಿಗೆ ಬ್ಯಾನಿ ಕೊಡಲಿಲ್ಲ. ಆಕಿ ಜೀವಾ ಉಳಿಸಿಕೊಂಡ್ರಿ.

ಇನ್ನೊಂದು ಮಾತು ಐತಿ. ಈಗ ಭಾಗ್ಯಾನ ರಕ್ತದಾಗ ಸಕ್ಕರಿ ಏರಿದ್ರ ಒಳಗಿನ ಕೂಸೂ ಅದಕ್ಕ ಹೊಂದಿಕೋತೈತಿ, ಮುಂದ ಅದಕ್ಕೂ ಇದ ಬ್ಯಾನಿ ಬರಬಹುದು. ಈಗ ಹಿಡತದಾಗ ಇಟ್ರ ನಿಮ್ಮಿಂದ ಆಕಿಗೆ, ಆಕಿಯಿಂದ ಕೂಸಿಗೆ ಹೊಂಟ ಈ ಸಾಲು ಇಲ್ಲೇ ನಿಲ್ಲತೈತಿ. ನಿಲ್ಲಿಸೂದು ನಮ್ಮ ಕೈಯಾಗ ಐತಿ. ನನ್ನ ಒಬ್ಬಾಕಿ ಕೈಯಾಗ ಅಲ್ಲ. ನಾ ನಡಸಬಲ್ಲೆ, ಉಣಿಸಬಲ್ಲೆ, ಆದ್ರ ಆಕಿ ನಗೂದು ನಿಮ್ಮ ದನಿಗೆ.

ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು ಅಂದಿದ್ರೆಲ್ಲ. ತವರ ಅಂದ್ರ ತಾಯಿ. ತಾಯಿನ ಇಲ್ಲಿಗೆ ಬಂದ್ರ ಇದ ತವರಮನಿ. ಬೀಗರ ಮನ್ಯಾಗ ತಿಂಗಳಾನಗಟ್ಟಲೆ ಇದ್ಲು ಅಂತ ಮಂದಿ ಆಡಿಕೋತಾರ. ಆಡಿಕೊಳ್ಳಲಿ, ನನಗಂತೂ ಕೇಳಸಂಗಿಲ್ಲ.

ಗಾಡಿ ಬಾಗಲದಾಗ ನಿಂತೈತಿ. ಎರಡು ಸೀರಿ ಗಂಟು ಕಟ್ರಿ, ಹತ್ರಿ.

ಸಾವಿತ್ರೆವ್ವ


ಅಥಣಿ, ದವಾಖಾನಿ
೨೬ ನವೆಂಬರ್ ೨೦೨೩, ಮುಂಜಾನಿ

ಅಕ್ಕಾರ,

ಹೆಣ್ಣು ಹುಟ್ಟೈತಿ, ಸಾವಿತ್ರಕ್ಕಾರ! ಮೊದಲ ಅದನ್ನ ಓದ್ರಿ. ತಾಯಿ, ಕೂಸು ಇಬ್ಬರೂ ಛಲೋ ಅದಾರ. ಮಾಳೇಶಪ್ಪ ಗಾಡಿ ಚಾಲೂ ಮಾಡಿಕೊಂಡ ನಿಂತಾನ, ನಿಮಗ ಫೋನ್ ಹಚ್ಚಾಕ ಬರಂಗಿಲ್ಲ ಅಂತ ಅವನ ಕಿಸೆದಾಗಿನ ಹಾಳಿ ಇಸಕೊಂಡು ಬರಿಯಾಕತ್ತೀನಿ.

ಕುರಿ ಈಯೂ ಹೊತ್ತಿನ್ಯಾಗ ನೀವು ಮನಿ ಬಿಟ್ಟು ಬರೂವಂಗಿದ್ದಿಲ್ಲ, ನನಗ ಗೊತ್ತು. ಆದ್ರ ನಿನ್ನೆ ಗಾಡಿ ಹತ್ತೂ ಮುಂದ ನೀವು ಭಾಗ್ಯಾನ ತಲಿ ಮ್ಯಾಲೆ ಭಂಡಾರ ಹಚ್ಚಿ, ನನ್ನ ಕಡೆ ನೋಡಿ, ಏನೂ ಅನ್ನಲಾರದ ಒಳಗ ಹೋದ್ರೆಲ್ಲ, ದಾರಿತುಂಬ ಅದ ಕಣ್ಣ ಮುಂದ.

ಒಳಗ ಒಬ್ಬರನ್ನ ಬಿಟ್ರು, ನಾ ಹೋದೆ. ಬ್ಯಾನಿ ತಿಂದು ತಿಂದು ಭಾಗ್ಯಾ ನನ್ನ ಬಳಿ ಒಡಿಯೂವಂಗ ಕೈ ಹಿಡಕೊಂಡಿದ್ಲು. ಒಮ್ಮೆ ಕೂಸಿನ ಎದಿ ಬಡತ ಇಳೀತು ಅಂತ ನರ್ಸ್ ಓಡಿದ್ಲು. ನಾ ಆಗ ಆ ಹೊಲದ ಬದುವಿನ ಮ್ಯಾಲೆ ಇದ್ದೆ ಅಕ್ಕಾರ. ಅದ ಮಣ್ಣು, ಅದ ಗಾಳಿ. ಭಾಗ್ಯಾನ ಕಣ್ಣಾಗ ನೋಡಿ "ನೀ ನನ್ನ ಅಂಗೈಯಾಗ ಹಿಡಿಸತಿದ್ದಿ, ನೀ ಉಳದಿ, ನಿನ್ನ ಕೂಸೂ ಉಳೀತೈತಿ, ಒತ್ತು!" ಅಂದೆ. ಡಾಕ್ಟರ್ ಆಕಿನ್ನ ಎಡಮಗ್ಗಲಿಗೆ ಹೊಳ್ಳಿಸಿದ್ರು. ಬಡತ ಸರಿ ಆತು. ಸ್ವಲ್ಪ ಹೊತ್ತಿಗೆ ಅಳೂ ದನಿ ಬಂತು. ಅಕ್ಕಾರ, ಎಂಥಾ ದನಿ ಅಂತೀರಿ! ನಿಮಗ ಸೈತ ಕೇಳಸತಿತ್ತು.

ತೂಕ ಎರಡು ಕಿಲೋ ಒಂಬೈನೂರು. "ಇದು ಹೆಚ್ಚಾತೋ ಕಡಿಮಿ ಆತೋ?" ಅಂತ ಕೇಳಿದೆ. ಸಕ್ಕರಿ ಬ್ಯಾನಿ ಇದ್ದಾಗ ಕೂಸು ಅತೀ ದೊಡ್ಡದು ಆಗಬಾರದು ಅಂತ ನೀವು ಅಂಜಿದ್ರಿ, ಸಣ್ಣದು ಆಗಬಾರದು ಅಂತ ನಾ ಅಂಜಿದ್ದೆ. ಡಾಕ್ಟರ್ ನಕ್ಕು "ಎಷ್ಟು ಬೇಕೋ ಅಷ್ಟ ಐತಿ ಅಜ್ಜಿ" ಅಂದ್ರು. ಹಿಮ್ಮಡದಾಗ ಸೂಜಿ ಚುಚ್ಚಿ ಕೂಸಿನ ಸಕ್ಕರಿನೂ ನೋಡಿದ್ರು, ಸರಿ ಐತಿ. ಹುಟ್ಟಿದ ತಾಸಿನ್ಯಾಗ ಎದಿಗೆ ಹಚ್ಚಿದ್ರು. ಬತ್ತಿ ಇಲ್ಲ, ಹಿಂಡೂದಿಲ್ಲ. ತಾನ ಬಾಯಿ ಹಾಕಿ ಜಗ್ಗಿತು. ನಾ ಅದನ್ನ ನೋಡಕೋತ ನಿಂತೆ, ನರ್ಸ್ ಬಂದು ನನ್ನ ಸ್ಟೂಲಿನ ಮ್ಯಾಲೆ ಕುಂದರಿಸಿದ್ಲು.

ನಿಮ್ಮ ಮನಿಗೆ ಬಂದ ಮೊದಲನೇ ದಿನ ಭಾಗ್ಯಾನ ತಾಟು ನೋಡಿ ನಾ ಒಳಗ ಹೋಗಿ ಅತ್ತಿದ್ದೆ, ನೀವು ನೋಡಿಲ್ಲ ಅಂತ ತಿಳಕೊಂಡೀನಿ. ಅರ್ಧ ಭಕ್ರಿ ಇತ್ತು, ಖರೆ. ಅದರ ಸುತ್ತ ಮಡಕಿಕಾಳಿನ ಉಸಳಿ, ಮೆಂತೆ ಪಲ್ಯ, ತತ್ತಿ, ಗಟ್ಟಿ ಮೊಸರು. ತುಸು ಹೊತ್ತಿಗೆ ಮತ್ತ ಇಷ್ಟು ಶೇಂಗಾ, ಮತ್ತ ತುಸು ಹೊತ್ತಿಗೆ ಇನ್ನೊಂದರ್ಧ ಭಕ್ರಿ. ಕಾಡಸಿದ್ದ ಒಂದು ಹೊತ್ತಿಂದು ನೋಡಿ ಬಂದಿದ್ದ. ನಾ ನೋಡಲಾರದನ ಬರದಿದ್ದೆ. ಆಕಿ ಸೂಜಿ ಚುಚ್ಚಿಕೊಳ್ಳಾಕ ಅಂಜಿದಾಗ ನೀವು ನಿಮ್ಮ ಹೊಟ್ಟಿ ಮುಂದ ಚಾಚಿ "ಮೊದಲ ನನಗ ಚುಚ್ಚು" ಅಂದದ್ದು, ಆಕಿ ನಕ್ಕು ನಕ್ಕು ತಾನ ಚುಚ್ಚಿಕೊಂಡದ್ದು, ನಾ ಸಾಯೂ ತನಕ ಮರಿಯಂಗಿಲ್ಲ.

ಮಾಳೇಶಪ್ಪ ಹಾರ್ನ್ ಹೊಡಿಯಾಕತ್ತಾನ. ನಿಮ್ಮ ಮೊಮ್ಮಗಳ ಹಣಿ ಥೇಟ ನಿಮ್ಮಂಗ ಐತಿ, ಜಗಳಗಂಟಿ ಹಣಿ.

ಅಕ್ಕವ್ವ


ಮಂಗಸೂಳಿ
ಅದ ದಿನ

ಅಕ್ಕವ್ವಾ,

ಮಾಳೇಶ ಅಂಗಳಕ್ಕ ಬಂದು ಎರಡೂ ಕೈ ಮ್ಯಾಲೆತ್ತಿ ಕುಣದ. ಕಾಗದ ಕೊಡೂಕಿಂತ ಮೊದಲ ನನಗ ತಿಳೀತು. ಓದಿದೆ, ಮತ್ತ ಓದಿದೆ. ಆಮ್ಯಾಲೆ ಭಂಡಾರದ ಬಟ್ಟಲ ತಗೊಂಡು ಹಟ್ಟಿಗೆ ಹೋಗಿ ಮುಂಜಾನಿ ಹುಟ್ಟಿದ ಎರಡು ಮರಿಗಳ ಮ್ಯಾಲೆ ತೂರಿದೆ, ಕುರಿಗಳ ಮ್ಯಾಲೆ ತೂರಿದೆ, ಹಾಲು ಹಾಕಾಕ ಬಂದ ಸುಂದ್ರವ್ವನ ಮ್ಯಾಲೂ ತೂರಿದೆ. ಆಕಿ ಬೈದ್ಲಂತ ಕಾಣತೈತಿ. ಹಟ್ಟಿಗೆ ಹಟ್ಟಿನ ಅರಿಷಿಣ ಆಗೇತಿ.

ನೀ ಒಳಗ ಹೋಗಿ ಅತ್ತದ್ದು ನಾ ನೋಡಿದ್ದೆ. ನೋಡಿನ ಹೊರಗ ನಿಂತಿದ್ದೆ.

ನಿನ್ನೆ ನಿನಗ ಏನೂ ಅನ್ನಲಾರದ ಒಳಗ ಹೋದದ್ದು ಯಾಕ ಗೊತ್ತೇನು? ಬಾಯಿ ತಗದ್ರ ಅಳು ಬರತಿತ್ತು. ಭಾಗ್ಯಾ ನೋಡಿದ್ರ ಸಕ್ಕರಿ ಏರತಿತ್ತು.

ಸಂಜೀಕ ಬರ್ತೀನಿ. ಕುರಿ ಮಾಳೇಶನ ಅಪ್ಪ ನೋಡ್ತಾರ, ಅವರಿಗೇನು ಕೈಯಿಲ್ಲೇನು.

ಸಾವಿತ್ರಿ


ಅಕ್ಕೋಳ
೧೨ ಜನವರಿ ೨೦೨೪

ಸಾವಿತ್ರಕ್ಕಾಗ,

ಬಾಣಂತಿ, ಕೂಸು ಎರಡೂ ನನ್ನ ಮನ್ಯಾಗ ಬೆಚ್ಚಗ ಅದಾವು. ನಿಪ್ಪಾಣಿಗೆ ಕರಕೊಂಡು ಹೋಗಿ ಭಾಗ್ಯಾಗ ಮತ್ತ ಗ್ಲುಕೋಸ್ ನೀರು ಕುಡಿಸಿ ನೋಡಿಸಿದ್ವಿ. ಸಕ್ಕರಿ ಬರೋಬ್ಬರಿ ಐತಿ! ಸೂಜಿ ಹೆರಿಗಿ ದಿನಾನ ಬಿಟ್ಟಿತ್ತು, ಈಗ ಬ್ಯಾನಿನೂ ಬಿಟ್ಟೈತಿ. "ಹೋತು ಅಂತ ಮೈಮರೀಬ್ಯಾಡ್ರಿ, ಮುಂದ ಬರೂ ಸಂಭವ ಇರತೈತಿ, ವರ್ಷಕ್ಕೊಮ್ಮೆ ನೋಡಿಸ್ರಿ, ನಡಿಯೂದು ಬಿಡಬ್ಯಾಡ, ಕೂಸಿಗೆ ಆರು ತಿಂಗಳು ಎದಿಹಾಲು ಬಿಟ್ಟು ಏನೂ ಕೊಡಬ್ಯಾಡ್ರಿ" ಅಂದ್ರು.

ನಮ್ಮ ಓಣಿ ಮುದುಕ್ಯಾರು ಬಂದು "ಬಾಣಂತಿಗೆ ಉಂಡಿ ಇಲ್ಲದ ಎಂಥಾ ಬಾಣಂತನ?" ಅಂದ್ರು. ತಾಟು ತೋರಿಸಿದೆ. ಹೋಗೂ ಮುಂದ ಒಬ್ಬಾಕಿ ಹಿಂದ ಉಳದು, ತನ್ನ ಸೊಸಿಗೆ ನಾಕನೇ ತಿಂಗಳು ಐತಿ, ಸಕ್ಕರಿ ಎಲ್ಲಿ ನೋಡಸ್ತಾರ ಅಂತ ಸಣ್ಣ ದನಿ ಮಾಡಿ ಕೇಳಿದ್ಲು.

ಹೆಸರಿಡೂ ದಿನ ನೀವು ಬರೂ ತನಕ ತೊಟ್ಟಿಲ ತೂಗಂಗಿಲ್ಲ. ಚಿಂಚಲಿ ಮಾಯಕ್ಕನ ಹೆಸರು, ಮಾಯಾ ಅಂತ ಇಡೂಣು ಅಂತಾಳ ಭಾಗ್ಯಾ. ನಿಮಗ ಒಪ್ಪಿಗಿ ಇದ್ರ ಹೂಂ ಅನ್ರಿ.

ನಿಮ್ಮ ಅಕ್ಕವ್ವ


ಮಂಗಸೂಳಿ
೧೧ ಮಾರ್ಚ್ ೨೦೨೫

ಅಕ್ಕವ್ವಾ,

ದವಾಖಾನಿಯವರು ಕೂಡಿಸಿದ ಹೆಂಗಸರ ಮೇಳಾವ ಮುಗಿಸಿ ನೀ ಅಕ್ಕೋಳದ ಬಸ್ ಹತ್ತಿದಿ, ನಾ ಇಲ್ಲಿ ತಲಿ ಕೆಡಿಸಿಕೊಂಡು ಕುಂತೀನಿ.

ಕಾಗವಾಡದಾಗ ಅಷ್ಟು ಹೆಂಗಸರು ಒಂದ ಕಡೆ ಕೂಡಿದ್ದು ನಾ ನೋಡಿದ್ದಿಲ್ಲ. ಡಾಕ್ಟರ್ ಬಾಯಿ ಭಾಗ್ಯಾನ್ನ ಮಾತಾಡು ಅಂತ ಕರದ್ರು. ಆಕಿ ಮಾಯಾನ್ನ ಬಗಲಾಗ ಎತ್ತಿಕೊಂಡು ಮ್ಯಾಲೆ ಹೋದ್ಲು, ಮೈಕ್ ನೋಡಿದ್ಲು, ನೀರಾಗಿ ಇಳದ್ಲು. ಅಷ್ಟರಾಗ ನೀ ಎದ್ದಿ! ಸೆರಗು ಸೊಂಟಕ್ಕ ಸಿಗಿಸಿಕೊಂಡು ದಾಪುಗಾಲು ಹಾಕಿ ಹೋಗಿ ಮೈಕ್ ಹಿಡದಿ. ನಾ ಬಾಯಿ ತಕ್ಕೊಂಡು ನೋಡಿದೆ.

ನೀ ಏನಂದಿ? ಮೊದಲ ಹೆಂಗಸರು ನಕ್ರು. ಆಮ್ಯಾಲೆ ಯಾರೂ ಅಲ್ಲಾಡಲಿಲ್ಲ. ನನ್ನ ಬಾಜೂದಾಕಿ ಕಣ್ಣಿಗೆ ಸೆರಗು ಹಚ್ಚಿದ್ಲು. ಅಲ್ಲೊಬ್ಬಾಕಿ, ಇಲ್ಲೊಬ್ಬಾಕಿ ವಯಸ್ಸಾದವರು ಎದ್ದು ನಿಂತ್ರು. ಕಡೀಕ ಎಲ್ಲಾರೂ ಎದ್ದು ಚಪ್ಪಾಳಿ ಹೊಡದ್ರು. ಯಾರೋ ದೊಡ್ಡವರು ಬಂದಿರಬೇಕು ಅಂತ ಹಿಂದ ಹೊಳ್ಳಿ ನೋಡಿದೆ. ಯಾರೂ ಕಾಣಲಿಲ್ಲ. ನಿನಗ ಹೊಡಿಯಾಕತ್ತಾರ ಅಂತ ತಿಳದು ನಾನೂ ಕೈ ಕೆಂಪಾಗೂವಂಗ ಹೊಡದೆ. ಮಾಳೇಶನ್ನ ಕೇಳಿದ್ರ ಕಣ್ಣು ಒರಸಿಕೊಂಡು ನನಗ ಕೈ ಮುಗದ. ಅಂವಗ ಏನಾಗೇತೋ. ಭಾಗ್ಯಾನ್ನ ಕೇಳಿದ್ರ "ನಮ್ಮವ್ವನ ಬರೀಲಿ" ಅಂತ ಸನ್ನಿ ಮಾಡಿದ್ಲು.

ಮೊನ್ನೆ ನೋಡಿಸಿದಾಗ ಭಾಗ್ಯಾನ ಸಕ್ಕರಿ ಈ ವರ್ಷನೂ ಬರೋಬ್ಬರಿ ಬಂದೈತಿ. ಸಂಜೀಕ ಆಕಿ ಜೋಡಿ ನಡಿಯಾಕ ಈಗ ನಾ ಒಬ್ಬಾಕಿ ಅಲ್ಲ, ಓಣಿಯ ಬಸರಿ ಹೆಣ್ಣುಮಕ್ಕಳು, ಅವರ ಅತ್ತ್ಯಾರು, ದೊಡ್ಡ ದಂಡ ಹೊಂಡತೈತಿ. ಮಾಯಾ ಎಲ್ಲಾರಕಿಂತ ಮುಂದ ಓಡತಾಳ, ಬೀಳತಾಳ, ಎದ್ದು ಮತ್ತ ಓಡತಾಳ.

ಲಗೂ ಬರಿ. ನೀ ಅಂದದ್ದು ಅಂದಂಗ ಬರಿ, ಒಂದಕ್ಷರ ಬಿಡಬ್ಯಾಡ.

ಸಾವಿತ್ರಿ


ಅಕ್ಕೋಳ
೧೭ ಮಾರ್ಚ್ ೨೦೨೫

ಸಾವಿತ್ರಕ್ಕಾ,

ಮೈಕ್ ಹಿಡದಾಗ ಏನು ಹೇಳಬೇಕು ಅಂತ ಹೊಂದಿಸಿಕೊಂಡಿದ್ದಿಲ್ಲ. ಮಗಳು ಕೆಳಗ ಬಂದ್ಲಲ್ಲ, ಆ ಜಾಗ ಖಾಲಿ ಬಿಡಬಾರದು ಅಂತ ಎದ್ದೆ. ಅಂದದ್ದು ಅಂದಂಗ ಬರೀತೀನಿ.

"ನಾನು ಅಕ್ಕೋಳದ ಅಕ್ಕವ್ವ. ಕುರಿ ಕಾಯೂ ಮನಿಯಾಕಿ. ನನಗ ಎದುರಿನ ಕುರಿ ಎಣಿಸಾಕ ಬರತೈತಿ, ಇಷ್ಟು ಹೆಂಗಸರನ್ನ ಎಣಿಸಾಕ ಬರಂಗಿಲ್ಲ" ಅಂದೆ. ಆಗ ನಕ್ಕದ್ದು.

"ಈಗ ಇಳದು ಹೋದ್ಲಲ್ಲ, ಆಕಿ ನನ್ನ ಮಗಳು. ಆಕಿ ಹೊಟ್ಯಾಗಿದ್ದಾಗ ನಾ ಹಸದಿದ್ದೆ. ನನಕಿಂತ ಮೊದಲ ಆಕಿ ಹಸದಿದ್ಲು. ಆಕಿ ಮೈ ಆ ಹಸಿವನ್ನ ಎಷ್ಟೋ ವರ್ಷ ನೆನಪಿಟ್ಟಿತ್ತು. ನಿಮ್ಮಾಗ ಎಷ್ಟು ಮಂದಿ ಬಸರಿದ್ದಾಗ ಎಲ್ಲಾರದೂ ಉಂಡಾದ ಮ್ಯಾಲೆ ಬುಟ್ಟಿ ತಳಾ ಕೆರದು ಉಂಡೀರಿ? ನಾ ಕೈ ಎತ್ತೀನಿ ನೋಡ್ರಿ" ಅಂತ ಕೈ ಎತ್ತಿದೆ. ಆಗ ಯಾರೂ ಅಲ್ಲಾಡಲಿಲ್ಲ ಅಂದ್ರೆಲ್ಲ, ಆಗ. ಆಮ್ಯಾಲೆ ಒಂದೊಂದ ಕೈ ಎದ್ದೂವು.

"ಅದು ನಮ್ಮ ತಪ್ಪಲ್ಲ" ಅಂದೆ. "ನನ್ನ ಮಗಳಿಗೆ ನಾನ ಬ್ಯಾನಿ ಕೊಟ್ಟೆ ಅಂತ ನಾ ಮಾತು ಬಿಟ್ಟು ಮೂಲಿ ಹಿಡದಿದ್ದೆ. ನಿಮ್ಮಾಗ ಯಾರರೆ ಹಂಗ ಕುಂತಿದ್ರ ಇವತ್ತ ಏಳ್ರಿ. ಹೊಟ್ಟಿಯೊಳಗ ಕಲತದ್ದನ್ನ ಹೊರಗ ಬಂದು ಬದಲಿಸಬಹುದು. ನನ್ನ ಮೊಮ್ಮಗಳು ಹೊಟ್ಟಿಯೊಳಗ ಹಸಿವು ಕಂಡಿಲ್ಲ, ಅತೀ ಸಿಹಿನೂ ಕಂಡಿಲ್ಲ. ಅದಕ್ಕ ನೋಡ್ರಿ ಹ್ಯಾಂಗ ಓಡತಾಳ!" ಆವಾಗ ಮಾಯಾ ವೇದಿಕಿ ಕೆಳಗ ಡಾಕ್ಟರ್ ಬಾಯಿ ಚಪ್ಪಲಿ ಎತ್ತಿಕೊಂಡು ಓಡಾಕತ್ತಿದ್ಲು.

"ಮನ್ಯಾಗ ಬಸರಿ ಸೊಸಿ ಇರೂ ಅತ್ತ್ಯಾರು ಎದ್ದು ನಿಂದರ್ರಿ" ಅಂದೆ. ಎದ್ರು. "ಸಕ್ಕರಿ ನೋಡಸಾಕ ಆಕಿನ್ನ ಒಬ್ಬಾಕಿನ್ನ ಕಳಸಬ್ಯಾಡ್ರಿ, ನೀವ ಕರಕೊಂಡು ಹೋಗ್ರಿ. ಆಕಿಗೆ ಮೊದಲ ಬಡಸ್ರಿ. ಆಕಿ ಜೋಡಿ ನಡೀರಿ. ಅತ್ತಿ ಅಂದ್ರ ಹ್ಯಾಂಗಿರಬೇಕು ಅಂತ ನೋಡಬೇಕೇನು? ಮುಂದಿನ ಸಾಲಿನ್ಯಾಗ ಹಸರ ಇಳಕಲ್ ಸೀರಿ ಉಟ್ಟು ಕುಂತಾಳಲ್ಲ, ಆಕಿನ್ನ ನೋಡ್ರಿ. ಆಕಿ ನನ್ನ ಬೀಗತಿ ಸಾವಿತ್ರೆವ್ವ. ಆಕಿಗೆ ಕಿವಿ ಕೇಳಸಂಗಿಲ್ಲ. ಆದ್ರ ನನ್ನ ಮಗಳ ಹೊಟ್ಟಿಯೊಳಗಿನ ಕೂಸು ಏನು ಬೇಡತಿತ್ತು ಅನ್ನೂದು ನಮ್ಮೆಲ್ಲಾರಕಿಂತ ಮೊದಲ ಆಕಿಗೆ ಕೇಳಿಸ್ತು" ಅಂತ ನಿಮ್ಮ ಕಡೆ ಕೈ ಮಾಡಿದೆ.

ಎಲ್ಲಾರೂ ಎದ್ದು ನಿಮ್ಮ ಕಡೆ ತಿರಗಿ ಚಪ್ಪಾಳಿ ಹೊಡದ್ರು ಅಕ್ಕಾ. ಹಿಂದ ಯಾರೂ ಬಂದಿದ್ದಿಲ್ಲ. ನೀವು ಒಮ್ಮೆ ಹೊಳ್ಳಿ ನೋಡಿದ್ರಿ, ಆಮ್ಯಾಲೆ ಎದ್ದು ನಿಂತು, ಎಲ್ಲಾರಕಿಂತ ಜೋರಾಗಿ ನೀವ ಹೊಡದ್ರಿ.

ಅಕ್ಕವ್ವ